ಹೋದ ವರ್ಷದ ಕಂಬ, ಈ ವರ್ಷದ ಕಂಬ: ಲಿಬ್ರೆಆಫೀಸ್ ಕ್ಯಾಲ್ಕ್‌ನ ಒಂದು ಟಿಕ್ ಗುರುತು

ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಿ ‘ಶೋ ಬಾರ್ಸ್ ಸೈಡ್ ಬೈ ಸೈಡ್’ ಅಂತ ಒಂದು ಟಿಕ್ ಹಾಕುವ ಚೌಕ ಇದೆ. ಕ್ಯಾಲ್ಕ್ ಅಂದರೆ ಎಕ್ಸೆಲ್ ಥರದ, ಕಾಸು ಕೊಡದೆ ಸಿಗುವ ಲೆಕ್ಕದ ಹಾಳೆಯ ಸಾಫ್ಟ್‌ವೇರ್; ಚಾರ್ಟಿನಲ್ಲಿ ಒಂದರ ಮುಂದೊಂದು ನಿಂತ ಕಂಬಗಳನ್ನು ಅಕ್ಕಪಕ್ಕ ತರುವುದು ಈ ಚೌಕದ ಕೆಲಸ. ಮೂರು ಮೆನು ಒಳಗೆ ಹೋದರೆ ಸಿಗುತ್ತದೆ, ಹುಡುಕದೇ ಇದ್ದವರ ಕಣ್ಣಿಗೆ ಬೀಳುವುದೇ ಇಲ್ಲ. ಈ ವಿಮರ್ಶೆಯ ಮುಕ್ಕಾಲು ಪಾಲು ಅದರ ಬಗ್ಗೆಯೇ. ಪೂರ್ತಿ ಸಾಫ್ಟ್‌ವೇರಿನ ಗುಣದೋಷ ಬೇಕಾದವರಿಗೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

ನಾನು ಶಿರಸಿಯ ಒಂದು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಮಳೆಗಾಲ ಮುಗಿಯುತ್ತ ಬಂತೆಂದರೆ ವಾರ್ಷಿಕ ಸಭೆ, ಸಭೆಗೊಂದು ವರದಿ ಪುಸ್ತಕ, ಪುಸ್ತಕದಲ್ಲೊಂದು ಪುಟ ಅಡಿಕೆ ಆವಕದ್ದು. ಆ ಪುಟದಲ್ಲಿ ಸದಸ್ಯರು ಎರಡು ಸಂಗತಿ ಒಟ್ಟಿಗೆ ಕೇಳುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆ ಹೋದ ವರ್ಷಕ್ಕೂ ಈ ವರ್ಷಕ್ಕೂ ಎಷ್ಟು ವ್ಯತ್ಯಾಸ ಅನ್ನುವುದು ಒಂದು. ಬಂದದ್ದರಲ್ಲಿ ರಾಶಿ ಎಷ್ಟು, ಚಾಲಿ ಎಷ್ಟು, ಗೋಟು-ಕೋಕಾ ಥರದ ಇತರೆ ಬಗೆ ಎಷ್ಟು ಅನ್ನುವುದು ಇನ್ನೊಂದು. ಎರಡನೆಯದನ್ನು ಬಿಡುವ ಹಾಗಿಲ್ಲ, ಯಾಕೆಂದರೆ ರಾಶಿ, ಚಾಲಿ ಎರಡೂ ಒಂದೇ ಮರದ ಅಡಿಕೆ. ಎಳೆಯದಿರುವಾಗ ಕೊಯ್ದು ಸುಲಿದು ಬೇಯಿಸಿ ಒಣಗಿಸಿದರೆ ಕೆಂಪಡಿಕೆಯಾಗಿ ರಾಶಿ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ತಿಂಗಳ ಮೇಲೆ ಅಂಗಳದಲ್ಲಿ ಒಣಗಿಸಿ ಆಮೇಲೆ ಸುಲಿದರೆ ಚಾಲಿ. ಯಾವುದಕ್ಕೆ ದರ ಏರಿತು, ಬೇಯಿಸಲು ಸುಲಿಯಲು ಆಳು ಸಿಕ್ಕರೋ ಇಲ್ಲವೋ ಅನ್ನುವುದರ ಮೇಲೆ ಬೆಳೆಗಾರ ತೀರ್ಮಾನ ಮಾಡುತ್ತಾನೆ. ಒಟ್ಟು ತೂಕ ಹೋದ ವರ್ಷದಷ್ಟೇ ಇದ್ದು ಒಳಗಿನ ಪಾಲು ಪೂರ್ತಿ ಬದಲಾಗಿರಬಹುದು.

ಅಂದರೆ ಬೇಕಾದ ಚಿತ್ರ ಹೀಗಿರಬೇಕು: ಊರಿಗೆ ಎರಡು ಕಂಬ ಅಕ್ಕಪಕ್ಕ, ಪ್ರತಿ ಕಂಬದೊಳಗೆ ಬಣ್ಣದ ಪದರ ಒಂದರ ಮೇಲೊಂದು. ಅಕ್ಕಪಕ್ಕ ನಿಲ್ಲಿಸುವುದಕ್ಕೆ ಕ್ಲಸ್ಟರ್ಡ್ ಚಾರ್ಟ್ ಇದೆ. ಪದರ ಪೇರಿಸುವುದಕ್ಕೆ ಸ್ಟ್ಯಾಕ್ಡ್ ಚಾರ್ಟ್ ಇದೆ. ಎರಡೂ ಒಟ್ಟಿಗೆ ಬೇಕು ಅಂದರೆ ಎಕ್ಸೆಲ್, ಕ್ಯಾಲ್ಕ್, ಗೂಗಲ್ ಶೀಟ್ಸ್ ಮೂರರ ಚಾರ್ಟ್ ಪಟ್ಟಿಯಲ್ಲೂ ಆ ಹೆಸರಿನದ್ದು ಇಲ್ಲ. ಏನಾದರೂ ಕಸರತ್ತು ಮಾಡಲೇಬೇಕು. ಅತಿ ಕಡಿಮೆ ಕಸರತ್ತು ಬೇಡುವುದು ಕ್ಯಾಲ್ಕ್, ಅದೂ ಕಾಸು ಕೊಡದೆ.

ಮಾಡುವ ಕ್ರಮ ಹೇಳುತ್ತೇನೆ. ಮೊದಲ ಕಾಲಮ್ಮಿನಲ್ಲಿ ಊರಿನ ಹೆಸರು. ಆಮೇಲೆ ಹೋದ ವರ್ಷದ ಚಾಲಿ, ರಾಶಿ, ಇತರೆ ಮೂರು ಕಾಲಮ್. ಅದರ ಪಕ್ಕ ಈ ವರ್ಷದ ಅದೇ ಮೂರು. ಎಲ್ಲವನ್ನೂ ಆರಿಸಿ ಇನ್ಸರ್ಟ್ ಮೆನುವಿನಲ್ಲಿ ಚಾರ್ಟ್, ಕಾಲಮ್, ಸ್ಟ್ಯಾಕ್ಡ್ ಅಂತ ಕೊಟ್ಟರೆ ಊರಿಗೊಂದೇ ಕಂಬ ಬರುತ್ತದೆ, ಆರೂ ಪದರ ಒಂದರ ಮೇಲೊಂದು. ಹೆದರಬೇಡಿ. ಈ ವರ್ಷದ ಒಂದು ಪದರದ ಮೇಲೆ ಬಲ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಡೇಟಾ ಸೀರೀಸ್, ಅದರಲ್ಲಿ ಆಪ್ಶನ್ಸ್ ಪುಟ, ಅಲ್ಲಿ ‘ಸೆಕೆಂಡರಿ ವೈ ಆಕ್ಸಿಸ್’, ಅಂದರೆ ಬಲಗಡೆ ಬರುವ ಎರಡನೆಯ ಅಳತೆಯ ಅಕ್ಷ, ಆರಿಸಿ. ಈ ವರ್ಷದ ಉಳಿದೆರಡು ಪದರಕ್ಕೂ ಅದೇ. ಈಗ ಆ ಮೂರು ಪದರ ಬೇರೆ ಕಂಬವಾಗಿ ಹೋದ ವರ್ಷದ ಕಂಬದ ಮುಂದೆ ಬಂದು ನಿಂತು ಅದನ್ನು ಮುಚ್ಚಿಬಿಡುತ್ತದೆ. ಅದೇ ಪುಟದ ಕೆಳಗಡೆ ನಮ್ಮ ಚೌಕ ಇದೆ. ಟಿಕ್ ಹಾಕಿ ಓಕೆ ಕೊಟ್ಟ ಕೂಡಲೇ ಹಿಂದಿದ್ದದ್ದು ಸರಿದು ಪಕ್ಕಕ್ಕೆ ಬರುತ್ತದೆ. ಬಸ್ಸಿನ ಸೀಟಿನಲ್ಲಿ ‘ಸ್ವಲ್ಪ ಜರುಗಿ’ ಅಂದಷ್ಟು ಸಲೀಸು. ಕಂಬದ ದಪ್ಪ ಹೆಚ್ಚುಕಡಿಮೆ ಮಾಡಲು ಅಲ್ಲೇ ಸ್ಪೇಸಿಂಗ್ ಅಂತ ಇದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡು ಮುದ್ರಣಕ್ಕೆ ಕಳಿಸುವ ಮೊದಲು ಒಂದು ಎಚ್ಚರ. ಎರಡು ಕಂಬ ಎರಡು ಬೇರೆ ಅಕ್ಷಕ್ಕೆ ಸೇರಿವೆ, ಆ ಅಕ್ಷಗಳು ತಮ್ಮ ತಮ್ಮ ಅಳತೆ ತಾವೇ ಹಾಕಿಕೊಳ್ಳುತ್ತವೆ. ಉದಾಹರಣೆಗೆ ಹೋದ ವರ್ಷ ಒಟ್ಟು 800 ಕ್ವಿಂಟಲ್, ಈ ವರ್ಷ 640 ಅನ್ನಿ. ಎಡಗಡೆ ಅಕ್ಷ 900ಕ್ಕೆ ನಿಂತು ಬಲಗಡೆಯದು 700ಕ್ಕೆ ನಿಂತರೆ, 640ರ ಕಂಬ 800ರ ಕಂಬಕ್ಕಿಂತ ಎತ್ತರ ಕಾಣುತ್ತದೆ. ಆವಕ ಐದರಲ್ಲೊಂದು ಪಾಲು ಇಳಿದ ವರ್ಷ ಸಭೆಯಲ್ಲಿ ಚಪ್ಪಾಳೆ ಬೀಳಬಹುದು! ಆದ್ದರಿಂದ ಎರಡೂ ಅಕ್ಷದ ಸ್ಕೇಲ್ ಪುಟಕ್ಕೆ ಹೋಗಿ ಆಟೊಮ್ಯಾಟಿಕ್ ತೆಗೆದು ಕನಿಷ್ಠ 0, ಗರಿಷ್ಠ 1000 ಅಂತ ಒಂದೇ ಅಳತೆ ಕೈಯಾರೆ ಕೊಡಬೇಕು. ಆಮೇಲೆ ಬಲಗಡೆ ಅಕ್ಷದ ಲೇಬಲ್ ಕಾಣದ ಹಾಗೆ ಮಾಡಿದರೆ ಚಿತ್ರ ಚೊಕ್ಕ. ಮುಂದಿನ ವರ್ಷ ಅದೇ ಫೈಲಿಗೆ ಹೊಸ ಅಂಕಿ ತುಂಬಿಸುವವರು ಆ 1000 ಸಾಲುತ್ತದೆಯೋ ಅಂತ ನೋಡಿಕೊಳ್ಳಬೇಕು. ಸಾಲದಿದ್ದರೆ ಕಂಬದ ತಲೆ ಕತ್ತರಿಸಿ ಹೋಗುತ್ತದೆ.

ಕ್ಯಾಲ್ಕ್‌ನ ಈ ದಾರಿಗೆ ಕುಂದುಗಳೂ ಇವೆ. ಅಕ್ಷ ಇರುವುದೇ ಎರಡು, ಹಾಗಾಗಿ ಊರಿಗೆ ಎರಡು ಕಂಬಕ್ಕಿಂತ ಹೆಚ್ಚು ಸಾಧ್ಯವಿಲ್ಲ. ಕಂಬದ ಕೆಳಗೆ ಊರಿನ ಹೆಸರು ಮಾತ್ರ ಬರುತ್ತದೆ, ಯಾವ ಕಂಬ ಯಾವ ವರ್ಷದ್ದು ಅಂತ ಬರುವುದಿಲ್ಲ. ನಾನು ಹೋದ ವರ್ಷಕ್ಕೆ ತೆಳು ಬಣ್ಣ, ಈ ವರ್ಷಕ್ಕೆ ಅದೇ ಬಣ್ಣದ ಗಾಢ ಛಾಯೆ ಕೊಟ್ಟು ಚಿತ್ರದ ಕೆಳಗೆ ಒಂದು ಸಾಲು ಬರೆದುಬಿಡುತ್ತೇನೆ. ಬಣ್ಣದ ಪಟ್ಟಿಯಲ್ಲಿ ಮೂರರ ಬದಲು ಆರು ಹೆಸರು ಬಂದು ಕೂತಿರುತ್ತವೆ; ಹೊಸ ಆವೃತ್ತಿಗಳಲ್ಲಿ ಬೇಡದ್ದನ್ನು ಮರೆ ಮಾಡಬಹುದು, ಅದೂ ಆಪ್ಶನ್ಸ್ ಪುಟದಲ್ಲೇ. ಇನ್ನೊಂದು: ಎಕ್ಸೆಲ್‌ನಲ್ಲಿ ಅಂಥ ಚೌಕವೇ ಇಲ್ಲ. ಹಾಗಾಗಿ ಈ ಫೈಲನ್ನು ಎಕ್ಸೆಲ್ ರೂಪದಲ್ಲಿ ಉಳಿಸಿ ಬೇರೆಯವರಿಗೆ ಕಳಿಸಬೇಡಿ, ಕಂಬ ಮತ್ತೆ ಒಂದರ ಮುಂದೊಂದು ನಿಲ್ಲುತ್ತವೆ. ಚಾರ್ಟ್ ಮೇಲೆ ಬಲ ಕ್ಲಿಕ್ ಮಾಡಿದರೆ ಚಿತ್ರವಾಗಿ ತೆಗೆಯುವ ಆಯ್ಕೆ ಸಿಗುತ್ತದೆ, ಅದನ್ನು ಕೊಡಿ.

ಮೂರು ವರ್ಷ ಹೋಲಿಸಬೇಕು ಅಂದರೆ ನಾನು ಎಕ್ಸೆಲ್‌ಗೆ ಹೋಗುತ್ತೇನೆ. ಅಲ್ಲಿ ಕಸರತ್ತು ಚಾರ್ಟಿನದ್ದಲ್ಲ, ಕೋಷ್ಟಕದ್ದು. ಒಂದು ಕಂಬಕ್ಕೆ ಒಂದು ಸಾಲು ಬರೆಯಬೇಕು. ಮೊದಲ ಕಾಲಮ್ಮಿನಲ್ಲಿ ಊರು, ಅದೂ ಆ ಊರಿನ ಮೊದಲ ಸಾಲಿನಲ್ಲಿ ಮಾತ್ರ. ಎರಡನೆಯದರಲ್ಲಿ ವರ್ಷ. ಆಮೇಲೆ ಚಾಲಿ, ರಾಶಿ, ಇತರೆ. ಒಂದು ಊರು ಮುಗಿದ ಮೇಲೆ ಒಂದು ಖಾಲಿ ಸಾಲು, ನಂತರ ಮುಂದಿನ ಊರು. ಶೀರ್ಷಿಕೆ ಸಾಲಿನಲ್ಲಿ ಊರು, ವರ್ಷದ ಮೇಲಿನ ಎರಡು ಸೆಲ್ ಖಾಲಿ ಬಿಡಿ, ಎಕ್ಸೆಲ್ ಅವನ್ನು ಹೆಸರು ಅಂತ ಸಲೀಸಾಗಿ ಗುರುತಿಸುತ್ತದೆ. ಇಡೀ ಕೋಷ್ಟಕ ಆರಿಸಿ ಸ್ಟ್ಯಾಕ್ಡ್ ಕಾಲಮ್ ಕೊಟ್ಟರೆ ಕಂಬದ ಕೆಳಗೆ ವರ್ಷ, ಅದರ ಕೆಳಗೆ ಊರು, ಎರಡು ಅಂತಸ್ತಿನಲ್ಲಿ ತಾನಾಗಿ ಬರುತ್ತದೆ. ಖಾಲಿ ಸಾಲು ಊರು-ಊರಿನ ನಡುವಿನ ತೆರವಾಗುತ್ತದೆ. ಆಮೇಲೆ ಗ್ಯಾಪ್ ವಿಡ್ತ್ ಇಳಿಸಬೇಕು. ಮೊದಲಿಗೆ ಶೇಕಡಾ 150ರ ಹತ್ತಿರ ಇರುತ್ತದೆ, 10 ಅಥವಾ 20ಕ್ಕೆ ತಂದರೆ ಒಂದು ಊರಿನ ಕಂಬಗಳು ಒಟ್ಟೊಟ್ಟಿಗೆ ಕೂರುತ್ತವೆ. ಊರಿನ ಹೆಸರು ನಟ್ಟನಡುವೆ ಬರದೆ ಒಂಚೂರು ಬಲಕ್ಕೆ ವಾಲಿದ್ದರೆ, ಖಾಲಿ ಸಾಲಿನ ಊರಿನ ಸೆಲ್ಲಿನಲ್ಲಿ ಒಂದು ಸ್ಪೇಸ್ ಒತ್ತಿ. ಖಾಲಿ ಸಾಲು ಹಿಂದಿನ ಊರಿನ ಪಾಲಿಗೆ ಸೇರುವುದು ಅಲ್ಲಿಗೆ ನಿಲ್ಲುತ್ತದೆ.

ಹಳೆಯ ವರ್ಷಗಳ ಲೆಕ್ಕ ತೆಗೆಯುವವರಿಗೆ ಒಂದು ಮಾತು. 2023-24 ಅಂತ ಟೈಪ್ ಮಾಡಿದರೆ ಎಕ್ಸೆಲ್ ಸುಮ್ಮನಿರುತ್ತದೆ. 2011-12 ಅಂತ ಟೈಪ್ ಮಾಡಿದರೆ ಅದನ್ನು 2011ರ ಡಿಸೆಂಬರ್ ತಿಂಗಳು ಅಂತ ಓದಿಕೊಳ್ಳುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ನಮ್ಮ ವರ್ಷ ಅದಕ್ಕೆ ಹೇಗೆ ಗೊತ್ತಾಗಬೇಕು, ಪಾಪ. ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ ಟೈಪ್ ಮಾಡಿ.

ಈ ಖಾಲಿ ಸಾಲಿನ ದಾರಿಯಲ್ಲಿ ಅಕ್ಷ ಒಂದೇ, ಆದ್ದರಿಂದ ಅಳತೆಯ ಮೋಸ ಇಲ್ಲ. ಬಣ್ಣದ ಪಟ್ಟಿಯಲ್ಲಿ ಮೂರೇ ಹೆಸರು. ಕಂಬದ ತಲೆಯ ಮೇಲೆ ಒಟ್ಟು ಮೊತ್ತ ಬೇಕು ಅನ್ನುವವರು ಒಟ್ಟಿನ ಕಾಲಮ್ ಒಂದು ಸೇರಿಸಿ, ಅದನ್ನು ಮಾತ್ರ ಲೈನ್ ಚಾರ್ಟ್ ಮಾಡಿ, ಲೇಬಲ್ ಮೇಲ್ಗಡೆ ಇಟ್ಟು ಗೆರೆ ಕಾಣದ ಹಾಗೆ ಮಾಡಿದರೆ ಅಂಕಿ ಮಾತ್ರ ಉಳಿಯುತ್ತದೆ. ಕ್ಯಾಲ್ಕ್‌ನಲ್ಲೂ ಖಾಲಿ ಸಾಲಿನ ದಾರಿ ನಡೆಯುತ್ತದೆ, ಎರಡು ಅಂತಸ್ತಿನ ಹೆಸರೂ ಬರುತ್ತದೆ. ಹಾಗಾದರೆ ಆ ಟಿಕ್ ಚೌಕದ ಹೆಚ್ಚುಗಾರಿಕೆ ಏನು ಅಂದರೆ, ಕೋಷ್ಟಕವನ್ನು ಮುಟ್ಟಬೇಕಾಗಿಲ್ಲ. ಸಂಘದ ಲೆಕ್ಕದ ಪಟ್ಟಿ ಸಾಮಾನ್ಯವಾಗಿ ಊರಿಗೊಂದು ಸಾಲು ಇರುತ್ತದೆ. ಅದನ್ನು ಒಡೆದು ಮೂರು ಪಟ್ಟು ಸಾಲು ಮಾಡಿ ನಡುವೆ ಖಾಲಿ ಬಿಟ್ಟು ಬರೆಯುವಾಗಲೇ ಅಂಕಿ ಅತ್ತಿತ್ತ ಆಗುವುದು.

ಗೂಗಲ್ ಶೀಟ್ಸ್ ಬಗ್ಗೆ ಹೆಚ್ಚು ಹೇಳಲಾರೆ. ಪದರ ಪೇರಿಸುವ ಆಯ್ಕೆ ಇಡೀ ಚಾರ್ಟಿಗೆ ಒಂದೇ. ಖಾಲಿ ಸಾಲಿನ ಉಪಾಯ ನಡೆಯುತ್ತದೆ, ಊರು-ವರ್ಷ ಎರಡನ್ನೂ ಒಂದೇ ಸೆಲ್ಲಿಗೆ ಸೇರಿಸಿ ಬರೆದರೆ ಸರಿ. ಹತ್ತಾರು ಜನ ಒಂದೇ ಫೈಲ್ ತಿದ್ದುವ ಕಡೆ ಅದೇ ಒಳ್ಳೆಯದು. ನಮ್ಮ ಕಡೆ ಜುಲೈ-ಆಗಸ್ಟ್‌ನಲ್ಲಿ ಗಾಳಿ-ಮಳೆಗೆ ಮರ ಬಿದ್ದು ಕರೆಂಟ್, ನೆಟ್ ಎರಡೂ ಹೋಗುವುದು ಮಾಮೂಲು. ಆಫ್‌ಲೈನ್ ವ್ಯವಸ್ಥೆ ಮೊದಲೇ ಮಾಡಿಟ್ಟುಕೊಳ್ಳದವರು ಅದನ್ನು ನೆಚ್ಚಿಕೊಂಡು ಕೂರಬಾರದು. ಕ್ಯಾಲ್ಕ್ ಲ್ಯಾಪ್‌ಟಾಪಿನಲ್ಲೇ ಇರುತ್ತದೆ, ಬ್ಯಾಟರಿ ಇದ್ದರೆ ಸಾಕು.

ಕನ್ನಡದ ವಿಷಯಕ್ಕೆ ಬರೋಣ. ನಮ್ಮಲ್ಲಿ ಹಳೆಯ ಫೈಲೆಲ್ಲ ‘ನುಡಿ’ ಟೈಪಿಂಗ್ ಸಾಫ್ಟ್‌ವೇರಿನ ಯೂನಿಕೋಡ್ ಅಲ್ಲದ ಫಾಂಟಿನಲ್ಲಿದೆ. ಸೆಲ್ಲಿನಲ್ಲಿ ‘ಚಾಲಿ’ ಅಂತ ಚಂದ ಕಂಡದ್ದು ಚಾರ್ಟಿಗೆ ಬಂದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಆಗುತ್ತದೆ. ಚಾರ್ಟ್ ತನ್ನದೇ ಫಾಂಟ್ ಬಳಸುತ್ತದೆ, ಸೆಲ್ಲಿನದ್ದು ಅದಕ್ಕೆ ಬರುವುದಿಲ್ಲ. ಅಕ್ಷದ ಹೆಸರು, ಬಣ್ಣದ ಪಟ್ಟಿ, ತಲೆಬರಹ ಒಂದೊಂದಕ್ಕೂ ಫಾಂಟ್ ಬದಲಿಸುತ್ತ ಕೂರುವುದಕ್ಕಿಂತ ಹೆಸರುಗಳನ್ನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡುವುದು ಲೇಸು. ನಿರ್ಮಲಾ ಯುಐ ಅಥವಾ ನೋಟೊ ಸಾನ್ಸ್ ಕನ್ನಡ ಇದ್ದರೆ ಕ್ಯಾಲ್ಕ್, ಎಕ್ಸೆಲ್ ಎರಡರಲ್ಲೂ ಒತ್ತಕ್ಷರ ಸರಿಯಾಗಿಯೇ ಬರುತ್ತದೆ.

ಯಾವ ಸಾಫ್ಟ್‌ವೇರ್ ಆದರೂ ಈ ಜಾತಿಯ ಚಾರ್ಟಿಗೆ ಒಂದು ಹುಟ್ಟುಗುಣ ಇದೆ. ನಮ್ಮ ಹಿರಿಯ ನಿರ್ದೇಶಕರೊಬ್ಬರಿಗೆ ಕರಡು ತೋರಿಸಿದೆ. ಕನ್ನಡಕ ಮೇಲಕ್ಕೆತ್ತಿ ನೋಡಿ, “ಬಣ್ಣ ಎಲ್ಲ ಚಂದ ಇದ್ದು ತಂಗಿ. ಚಾಲಿ ಹೋದ ವರ್ಷಕ್ಕಿಂತ ಹೆಚ್ಚಾಜ, ಕಡಿಮೆ ಆಜ? ಅದೊಂದು ಹೇಳು” ಅಂದರು. ಚಾಲಿಯ ಪದರ ಆ ಕರಡಿನಲ್ಲಿ ರಾಶಿಯ ಮೇಲೆ ಕೂತಿತ್ತು. ರಾಶಿ ಒಂದೊಂದು ಕಂಬದಲ್ಲಿ ಒಂದೊಂದು ಎತ್ತರ ಇರುವಾಗ ಅದರ ಮೇಲಿನ ಪದರದ ಬುಡ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಕಣ್ಣಳತೆ ಸಿಗುವುದಿಲ್ಲ. ಸರಿಯಾಗಿ ಹೋಲಿಸಲು ಬರುವುದು ಎರಡೇ: ಒಟ್ಟು ಎತ್ತರ, ಮತ್ತೆ ಎಲ್ಲಕ್ಕಿಂತ ಕೆಳಗಿನ ಪದರ. ಆದ್ದರಿಂದ ಜನ ಯಾವುದನ್ನು ಕೇಳುತ್ತಾರೋ ಅದರ ಕಾಲಮ್ ಕೋಷ್ಟಕದಲ್ಲಿ ಮೊದಲು ಇರಲಿ, ಅದು ತಾನಾಗಿ ಬುಡಕ್ಕೆ ಬರುತ್ತದೆ. ಮಾಡುವ ಕ್ರಮ ಹೇಳುವಾಗ ಚಾಲಿಯನ್ನು ಮೊದಲು ಬರೆದದ್ದು ಇದಕ್ಕೇ. ಬೆಟ್ಟೆ, ತಟ್ಟಿಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ ಅಂತ ಮಾರ್ಕೆಟ್ ಪಟ್ಟಿಯ ಎಲ್ಲ ಹೆಸರಿಗೂ ಒಂದೊಂದು ಪದರ ಕೊಡಲು ಹೋಗಬೇಡಿ. ನಾಲ್ಕು ದಾಟಿದರೆ ಯಾರೂ ಓದುವುದಿಲ್ಲ, ಉಳಿದದ್ದಕ್ಕೆ ಕೆಳಗೆ ಕೋಷ್ಟಕ ಇದೆ.

ಕಂಬ ಮಲಗಿಸುವ ಬಾರ್ ಚಾರ್ಟ್ ಊರಿನ ಹೆಸರು ಉದ್ದ ಇದ್ದಾಗ ಅನುಕೂಲ. ಎಕ್ಸೆಲ್‌ನಲ್ಲಿ ಆಗ ಮೊದಲ ಊರು ಎಲ್ಲಕ್ಕಿಂತ ಕೆಳಗೆ ಹೋಗುತ್ತದೆ. ಅಕ್ಷದ ಸೆಟ್ಟಿಂಗಿನಲ್ಲಿ ಕ್ಯಾಟಗರೀಸ್ ಇನ್ ರಿವರ್ಸ್ ಆರ್ಡರ್ ಅಂತ ಇದೆ, ಅದಕ್ಕೆ ಟಿಕ್ ಹಾಕಿ.

ನನ್ನ ಅಂಕ ಹೀಗೆ: ಎರಡು ವರ್ಷದ ಹೋಲಿಕೆಗೆ ಕ್ಯಾಲ್ಕ್ ಐದರಲ್ಲಿ ನಾಲ್ಕು, ಅಕ್ಷ ಎರಡನ್ನೂ ತಾನೇ ಒಂದೇ ಅಳತೆಗೆ ತಂದಿದ್ದರೆ ಐದೂ ಕೊಡುತ್ತಿದ್ದೆ. ಮೂರು ವರ್ಷಕ್ಕೆ ಎಕ್ಸೆಲ್, ಮೂರೂವರೆ. ಮುದ್ರಣ ಕಪ್ಪು-ಬಿಳುಪಿನಲ್ಲಾದರೆ ತೆಳು-ಗಾಢ ಛಾಯೆ ನೆಚ್ಚಬೇಡಿ, ಜೆರಾಕ್ಸಿನಲ್ಲಿ ಎರಡೂ ಒಂದೇ ಬೂದಿ ಬಣ್ಣ. ಕ್ಯಾಲ್ಕ್‌ನಲ್ಲಿ ಹ್ಯಾಚ್, ಎಕ್ಸೆಲ್‌ನಲ್ಲಿ ಪ್ಯಾಟರ್ನ್ ಫಿಲ್ ಇದೆ. ರಾಶಿಗೆ ಓರೆ ಗೆರೆ, ಇತರೆಗೆ ಅಡ್ಡ ಗೆರೆ, ಚಾಲಿಗೆ ಬರೀ ಬಿಳಿ ಬಿಟ್ಟು ಸುತ್ತ ಕಪ್ಪು ಅಂಚು ಕೊಡಿ. ಅಂಚು ಕೊಡದಿದ್ದರೆ ಬಿಳಿ ಹಾಳೆಯ ಮೇಲೆ ಚಾಲಿ ಕಾಣುವುದೇ ಇಲ್ಲ, ರಾಶಿ ಗಾಳಿಯಲ್ಲಿ ತೇಲಿದ ಹಾಗೆ ಇರುತ್ತದೆ.