ಬಟರ್‌ಫ್ರೂಟ್ ಮರದಿಂದ ಇಳಿಸುವ ಮೊದಲೇ ದುಡ್ಡಿನ ಮಾತು ಮುಗಿಸಿಕೊಳ್ಳಿ

ಕೊಡಗಿನ ಸುಂಟಿಕೊಪ್ಪ, ಚೆಟ್ಟಳ್ಳಿ, ಸಿದ್ದಾಪುರ ಕಡೆ ಕಾಫಿ ತೋಟದೊಳಗೆ ಬಟರ್‌ಫ್ರೂಟ್ (ಬೆಣ್ಣೆಹಣ್ಣು, ಅವಕಾಡೊ) ಮರ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

ಜುಲೈಯಲ್ಲಿ ಹೊರಗಿನ ವ್ಯಾಪಾರಿಯೊಬ್ಬರು ಫೋನ್ ಮಾಡಿ ಕೆಜಿಗೆ 80 ರೂಪಾಯಿ ಅಂದರು. ಊರಲ್ಲಿ ಆಗ 55ರ ಮೇಲೆ ಯಾರೂ ಕೇಳುತ್ತಿರಲಿಲ್ಲ. "ಅಕ್ಕಾ, ಇವತ್ತೇ ಕುಯ್ಸಿ ಇಡಿ, ನಾಳೆ ಬೆಳಿಗ್ಗೆ ಗಾಡಿ ಬರುತ್ತೆ." ಮಳೆಯಲ್ಲೇ ಆಳುಗಳನ್ನು ಮರ ಹತ್ತಿಸಿ 620 ಕೆಜಿ ಇಳಿಸಿದೆವು. ಮಾರನೇ ದಿನ ಗಾಡಿ ಇಲ್ಲ. ದಾರಿಯಲ್ಲಿ ಮರ ಬಿದ್ದಿದೆ ಎಂದರು, ನಂಬಿದೆ. ನಮ್ಮಲ್ಲಿ ಜುಲೈಯಲ್ಲಿ ಮರ ಬೀಳುವುದು ಹೊಸತೇನಲ್ಲ. ಪಿಕಪ್ ಬಂದದ್ದು ನಾಲ್ಕನೇ ದಿನ ಸಂಜೆ. ಡ್ರೈವರ್ ಕೊಟ್ಟ ಚೀಟಿಯಲ್ಲಿ ಕ್ರೇಟ್ ಲೆಕ್ಕ ಮಾತ್ರ, ತೂಕವೂ ಇಲ್ಲ, ರೇಟೂ ಇಲ್ಲ. ಅಲ್ಲೇ ತಡೆಯಬೇಕಿತ್ತು. ಅಷ್ಟರಲ್ಲಿ ಕೆಲವು ಕಾಯಿ ಒತ್ತಿದರೆ ಮೆತ್ತಗಾಗಿದ್ದವು, ಒಮ್ಮೆ ಹೋದರೆ ಸಾಕು ಅನ್ನಿಸಿ ಸುಮ್ಮನಾದೆ.

ವಾರ ಕಳೆದು ಫೋನ್ ಬಂತು. "ಅರ್ಧ ಮಾಲು ಕಪ್ಪಾಗಿತ್ತು ಅಕ್ಕಾ, ಬಿಸಾಡಿದ್ವಿ. ಉಳಿದದ್ದಕ್ಕೆ 20 ಹಾಕ್ತೀನಿ." 49,600 ಬರಬೇಕಾದಲ್ಲಿ 6,200 ಬಂತು. ಆಳಿನ ಕೂಲಿಯೇ 5,400 ಆಗಿತ್ತು. ಕೊಳೆತ ಹಣ್ಣಿನ ಫೋಟೋ ಕಳಿಸಿದ್ದರು. ಅದರಲ್ಲಿದ್ದದ್ದು ಉದ್ದ ಕುತ್ತಿಗೆಯ ಹಣ್ಣು, ನಮ್ಮ ಮರದ್ದು ಗುಂಡು. ಹಾಗೆಂದು ಕೇಳಿದ ಮೇಲೆ ಅವರು ಫೋನ್ ಎತ್ತಲೇ ಇಲ್ಲ.

ಕರಿಮೆಣಸನ್ನು ಒಣಗಿಸಿ ಚೀಲ ಕಟ್ಟಿದರೆ ರೇಟು ಬರುವವರೆಗೆ ವರ್ಷಗಟ್ಟಲೆ ಕಾಯಬಹುದು. ಕಾಫಿ ಹಣ್ಣನ್ನೂ ಕಣದಲ್ಲಿ ಸಿಪ್ಪೆ ಸಮೇತ ಒಣಗಿಸಿ ಚೆರ್ರಿ ಮಾಡಿ ಇಟ್ಟುಕೊಳ್ಳುತ್ತೇವೆ. ಬೆಣ್ಣೆಹಣ್ಣಿಗೆ ಆ ದಾರಿ ಇಲ್ಲ. ಅದು ಮರದಲ್ಲಿ ಮೆತ್ತಗಾಗುವುದೇ ಇಲ್ಲ, ಬಲಿತ ಮೇಲೂ ಸ್ವಲ್ಪ ಕಾಲ ಗಟ್ಟಿಯಾಗಿಯೇ ನಿಲ್ಲುತ್ತದೆ. ಕುಯ್ದ ಮೇಲೆಯೇ ಹಣ್ಣಾಗಲು ಶುರು. ಹೊರಗಿಟ್ಟರೆ ಹೆಚ್ಚೆಂದರೆ ವಾರ, ಹತ್ತು ದಿನ. ತಣ್ಣಗಿಟ್ಟು ಉಳಿಸೋಣವೆಂದರೆ, ಗಟ್ಟಿ ಕಾಯಿಗೆ ಥಂಡಿ ಅತಿಯಾದರೆ ಒಳಗಿನ ತಿರುಳೇ ಕಪ್ಪಾಗುತ್ತದೆ. ನಾಳೆ ಗಾಡಿ ಎಂದು ಹೇಳಿ ನಾಲ್ಕು ದಿನ ಕಾಯಿಸುವವರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ಆ ನಾಲ್ಕು ದಿನದಲ್ಲಿ ಚೌಕಾಸಿ ಮಾಡುವ ಶಕ್ತಿ ಪೂರ್ತಿ ಅವರ ಕೈಗೆ ಹೋಗಿರುತ್ತದೆ.

ದೋಟಿಯಲ್ಲಿ ಎಳೆದು ತೊಟ್ಟು ಕಿತ್ತುಬಂದರೆ ಆ ಗಾಯದಿಂದಲೇ ಕೊಳೆ ಹತ್ತುತ್ತದೆ. ಮಳೆಯ ಅವಸರದಲ್ಲಿ ನಾವೂ ಹಾಗೆ ಕೆಲವನ್ನು ಕಿತ್ತಿದ್ದೆವು, ಅದು ನಮ್ಮದೇ ತಪ್ಪು. ಸ್ವಲ್ಪ ತೊಟ್ಟು ಉಳಿಸಿ ಕತ್ತರಿಸಬೇಕು.

ಗಾಡಿ ಗೇಟಿಗೆ ಬರುವ ಮೊದಲು ಯಾರನ್ನೂ ಮರ ಹತ್ತಿಸಬೇಡಿ. ಕುಯ್ಯಲು ಎರಡು ದಿನ ಬೇಕಾಗುವಷ್ಟು ಕಾಯಿ ಇದ್ದರೆ ಮುಂಗಡ ಪಡೆಯಿರಿ, ಕೂಲಿಯಾದರೂ ಗಿಟ್ಟಬೇಕು. ನಿಮ್ಮ ಕಣ್ಣೆದುರೇ ತೂಗಿಸಿ. ಚೀಟಿಯಲ್ಲಿ ತೂಕ, ರೇಟು, ಗಾಡಿ ನಂಬರ್, ಸಹಿ ಇರಲಿ. ತುಂಬಿದ ಕ್ರೇಟ್‌ಗಳ ಫೋಟೋ ತೆಗೆದಿಡಿ, ನನ್ನ ಹತ್ತಿರ ಅದೊಂದಿದ್ದರೆ ವಾದಿಸಬಹುದಿತ್ತು. ಕುಯ್ದಿಟ್ಟ ಮೇಲೆ ಹೇಳಿದ ದಿನ ಗಾಡಿ ಬರಲಿಲ್ಲವೋ, ಮಾರನೇ ಬೆಳಿಗ್ಗೆಯೇ ಊರಿನ ವ್ಯಾಪಾರಿಗೆ ಕೊಟ್ಟುಬಿಡಿ. ನಾನು ಹಾಗೆ ಮಾಡಿದ್ದರೆ 55ರ ಲೆಕ್ಕದಲ್ಲಿ 34,100 ಸಿಗುತ್ತಿತ್ತು.

ಮೊನ್ನೆ ಬೇರೆ ನಂಬರಿನಿಂದ ಅದೇ ದನಿ, ಅದೇ ಮಾತು: "ಕುಯ್ಸಿ ಇಡಿ ಅಕ್ಕಾ." ತಕ್ಕಡಿ, ದುಡ್ಡು ಎರಡನ್ನೂ ಗಾಡಿಯಲ್ಲೇ ತನ್ನಿ ಅಂದೆ. ಫೋನ್ ಇಟ್ಟರು. ಪಕ್ಕದ ತೋಟದವರಿಗೂ ಅದೇ ದಿನ ಕರೆ ಬಂದಿದೆ, ನಿಮ್ಮ ಕಡೆಗೂ ಬರಬಹುದು.