ಜಮೆ ಮಾತ್ರ ಇರುವ ಪಾಸ್‌ಬುಕ್: ಬ್ರಿಜ್ ಮಾಸ್ಟರ್‌ಪಾಯಿಂಟ್ ಎಷ್ಟು ನಂಬಬಹುದು?

ಬ್ರಿಜ್ ಎಂಬ ಇಸ್ಪೀಟು ಆಟದಲ್ಲಿ ಗೆದ್ದವರಿಗೆ ಸಿಗುವ ಮಾಸ್ಟರ್‌ಪಾಯಿಂಟನ್ನು ಹಾಜರಿ ಪುಸ್ತಕ ಎಂದುಕೊಂಡರೆ 5ಕ್ಕೆ 4. ಆಟಗಾರನ ಕೈಚಳಕದ ಅಳತೆ ಎಂದುಕೊಂಡರೆ 5ಕ್ಕೆ 2, ಅದೂ ಸ್ವಲ್ಪ ಉದಾರವಾಗಿ.

ಅಮೆರಿಕನ್ ಕಾಂಟ್ರಾಕ್ಟ್ ಬ್ರಿಜ್ ಲೀಗ್ ಕೊಡುವ ಮಾಸ್ಟರ್‌ಪಾಯಿಂಟ್‌ನಲ್ಲಿ ಖರ್ಚಿನ ಕಾಲಮ್ಮೇ ಇಲ್ಲ. ಗೆದ್ದರೆ ಜಮೆ, ಸೋತರೆ ಸೊನ್ನೆ. ಇಪ್ಪತ್ತು ವರ್ಷ ಬಿಡದೆ ಆಡಿದವರ ಮೊತ್ತ ಬೆಳೆಯುತ್ತಲೇ ಹೋಗುತ್ತದೆ, ಆಟ ಅಲ್ಲೇ ನಿಂತಿದ್ದರೂ. ಕ್ಲಬ್ಬಿನ ಮಾಮೂಲಿ ಓಪನ್ ಆಟದಲ್ಲಿ ಮೊದಲ ಸ್ಥಾನಕ್ಕೆ ಟೇಬಲಿಗೆ 0.10ರ ಲೆಕ್ಕ, 10 ಟೇಬಲ್ ಇದ್ದರೆ 1 ಪಾಯಿಂಟ್. ಆ ಟೇಬಲ್‌ಗಳಲ್ಲಿ ಕುಳಿತವರು ಪಳಗಿದವರೋ ನಿನ್ನೆ ಮೊನ್ನೆ ಕಲಿತವರೋ ಎಂದು ಈ ಲೆಕ್ಕ ಕೇಳುವುದಿಲ್ಲ.

ಈ ಕೊರತೆಯನ್ನು ಸ್ವಲ್ಪ ತುಂಬಲು ಪಾಯಿಂಟ್‌ಗಳಿಗೆ ಬಣ್ಣಗಳಿವೆ. ಕ್ಲಬ್ಬಿನದು ಕಪ್ಪು, ಸೆಕ್ಷನಲ್ (ಸ್ಥಳೀಯ) ಟೂರ್ನಿಯದು ಬೆಳ್ಳಿ, ರೀಜನಲ್ (ಪ್ರಾದೇಶಿಕ) ಟೂರ್ನಿಯದು ಕೆಂಪು ಮತ್ತು ಚಿನ್ನ, ರಾಷ್ಟ್ರಮಟ್ಟದ ದೊಡ್ಡ ಸ್ಪರ್ಧೆಗಳದು ಪ್ಲಾಟಿನಂ. 2010ಕ್ಕೂ ಮೊದಲು ಸೇರಿದವರಿಗೆ 'ಲೈಫ್ ಮಾಸ್ಟರ್' ಎಂಬ ಬಿರುದಿಗೆ 300 ಪಾಯಿಂಟ್ ಸಾಕಿತ್ತು, ಆಮೇಲೆ ಸೇರಿದವರಿಗೆ 500 ಬೇಕು. ಅದರಲ್ಲಿ ಕಪ್ಪು 75, ಬೆಳ್ಳಿ 75, ಚಿನ್ನ 50 ಆದರೂ ಇರಬೇಕು. ಹಾಗಾಗಿ ಒಟ್ಟು ಮೊತ್ತಕ್ಕಿಂತ ಬಣ್ಣಗಳ ಪಾಲು ಹೆಚ್ಚು ಮಾತಾಡುತ್ತದೆ. 2,000ದಲ್ಲಿ 1,700 ಕಪ್ಪೇ ಆಗಿದ್ದರೆ ಅವರು ಕ್ಲಬ್ಬಿಗೆ ತಪ್ಪದೆ ಬಂದವರು, ಅಷ್ಟೇ.

ಇನ್ನೊಂದು ತೊಡಕು ಸ್ಕೋರಿಂಗಿನದು. ನೀವು ವಲ್ನರಬಲ್ (ಗೆಲುವಿಗೂ ಸೋಲಿಗೂ ಅಂಕ ಹೆಚ್ಚಿರುವ ಸ್ಥಿತಿ), 3 ನೋಟ್ರಂಪ್ (ತುರುಪಿಲ್ಲದೆ 9 ಟ್ರಿಕ್ ಗೆಲ್ಲುತ್ತೇನೆಂಬ ಮಾತು; ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತೇ ಟ್ರಿಕ್) ಆಡುತ್ತಿದ್ದೀರಿ, 9 ಟ್ರಿಕ್ ಕೈಯಲ್ಲೇ ಇವೆ ಎನ್ನಿ. ಹತ್ತನೆಯದಕ್ಕೆ ಹಾರ್ಟ್ಸ್ ಫಿನೆಸ್ ಹೊಡೆಯಬೇಕು, ಅಂದರೆ ಹಾರ್ಟ್ಸ್ ರಾಜ ಇಂಥ ಎದುರಾಳಿಯ ಕೈಯಲ್ಲೇ ಇದೆ ಎಂದು ನಂಬಿ ಆಡಬೇಕು. ರಾಜ ತಪ್ಪು ಕಡೆ ಇದ್ದರೆ ಎದುರಾಳಿಗಳು ಅದನ್ನೂ ನಾಲ್ಕು ಸ್ಪೇಡನ್ನೂ ಎಳೆದು ನಿಮ್ಮನ್ನು ಒಂದು ಟ್ರಿಕ್ ಕೆಡವುತ್ತಾರೆ. ಅವೇ ಎಲೆಗಳನ್ನು ಎರಡು ಟೇಬಲ್‌ಗಳಲ್ಲಿ ಆಡುವ ಟೀಮ್ ಆಟದಲ್ಲಿ ಇನ್ನೊಂದು ಟೇಬಲ್‌ನವರು 600 ಮಾಡಿದ್ದರೆ, ಫಿನೆಸ್ ಕೂಡಿಬಂದು ನಿಮಗೆ 630 ಸಿಕ್ಕರೂ ಲಾಭ 1 ಇಂಪ್ (ಎರಡು ಟೇಬಲ್‌ಗಳ ಅಂತರದಿಂದ ಬರುವ ಅಂಕ). ಕೈಕೊಟ್ಟರೆ ಮೈನಸ್ 100, ನಷ್ಟ 12 ಇಂಪ್. ಯಾರೂ ಹೊಡೆಯಬಾರದು. ಅದೇ ಕೈ 13 ಟೇಬಲ್‌ನ ಪೇರ್ಸ್ (ಜೋಡಿಗಳ) ಆಟದಲ್ಲಿ ಬಂದು, ಉಳಿದವರೆಲ್ಲ 600ಕ್ಕೇ ನಿಂತಿದ್ದರೆ, ಸುಮ್ಮನಿದ್ದವರಿಗೆ 12ರಲ್ಲಿ 6 ಮ್ಯಾಚ್‌ಪಾಯಿಂಟ್ (ಹಿಂದಿಕ್ಕಿದ ಪ್ರತಿ ಜೋಡಿಗೆ 1, ಸಮವಾದರೆ ಅರ್ಧ), ಫಿನೆಸ್ ಗೆದ್ದರೆ 12, ಸೋತರೆ 0. ರಾಜ ಸರಿಯಾದ ಕಡೆ ಇರುವ ಸಾಧ್ಯತೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಹೊಡೆಯುವುದೇ ಸರಿ. ಎರಡೂ ಬೇರೆ ಬೇರೆ ವಿದ್ಯೆ, ಆದರೆ ಪಾಯಿಂಟ್ ಬಂದು ಬೀಳುವುದು ಒಂದೇ ಡಬ್ಬಿಗೆ. ಅಮೆರಿಕದ ಆಟಗಾರ ಬ್ಯಾರಿ ಕ್ರೇನ್ 1985ರಲ್ಲಿ ತೀರಿಕೊಂಡಾಗ ಮಾಸ್ಟರ್‌ಪಾಯಿಂಟ್ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲಿದ್ದರು. ಅವರು ಮ್ಯಾಚ್‌ಪಾಯಿಂಟ್ ಆಟದ ದೈತ್ಯ. ಆಮೇಲೆ ಅವರನ್ನು ದಾಟಿದ ಪಾಲ್ ಸೋಲೊವೇ ಟೀಮ್ ಆಟದ ವಿಶ್ವ ಚಾಂಪಿಯನ್‌ಶಿಪ್ ಆದ ಬರ್ಮುಡಾ ಬೌಲನ್ನು 5 ಸಲ ಗೆದ್ದರು, ಕ್ರೇನ್ ಒಮ್ಮೆಯೂ ಗೆದ್ದಿಲ್ಲ. ಪಟ್ಟಿಯಲ್ಲಿ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಹಾಗಾದರೆ ಪೇರ್ಸ್ ಆಟದಲ್ಲಿ ಬಂದ ಶೇಕಡಾವಾರು ನೋಡಿದರೆ ಆಯಿತಲ್ಲ ಎನ್ನುವವರು ಅದೃಷ್ಟದ ಪಾಲನ್ನು ಮರೆಯುತ್ತಾರೆ. ಪ್ರತಿ ಬೋರ್ಡಿನ (ಒಂದು ಸಲ ಹಂಚಿದ ಎಲೆಗಳ) ಫಲ 0ಯಿಂದ 100ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು ಎಂದು ಹಿಡಿದರೆ, 24 ಬೋರ್ಡಿನ ಒಂದು ಸೆಷನ್‌ನಲ್ಲಿ ಏರಿಳಿತ ಸುಮಾರು 6 ಶೇಕಡಾ. ಅಂದರೆ ಸಮಬಲದ ಎರಡು ಜೋಡಿಗಳಲ್ಲಿ ಒಂದಕ್ಕೆ 56, ಇನ್ನೊಂದಕ್ಕೆ 44 ಬಂದರೆ ಅದು ದೊಡ್ಡ ಸುದ್ದಿಯಲ್ಲ. 100 ಸೆಷನ್ ಆದ ಮೇಲೆ ಅದೇ ಏರಿಳಿತ 0.6ಕ್ಕೆ ಇಳಿಯುತ್ತದೆ, ಅಲ್ಲಿಂದಾಚೆಗೆ ಅಂಕಿ ನಂಬಬಹುದು.

ಇಂಗ್ಲಿಷ್ ಬ್ರಿಜ್ ಯೂನಿಯನ್‌ನ ನ್ಯಾಷನಲ್ ಗ್ರೇಡಿಂಗ್ ಸ್ಕೀಮ್ ಈ ದಾರಿ ಹಿಡಿದಿದೆ. ಗ್ರೇಡಿಗೆ ದುಗ್ಗಿಯಿಂದ ಎಕ್ಕದವರೆಗೆ ಎಲೆಗಳದ್ದೇ ಹೆಸರು, ಏರುವಂತೆ ಇಳಿಯುವುದೂ ಉಂಟು, ಹಳೆಯ ಸೆಷನ್‌ಗಳ ತೂಕ ಕಾಲಕ್ರಮೇಣ ಕಡಿಮೆಯಾಗುತ್ತದೆ, ಎದುರಾಳಿಗಳ ಬಲವೂ ಪಾರ್ಟ್ನರ್ ಬಲವೂ ಲೆಕ್ಕಕ್ಕೆ ಬರುತ್ತದೆ. ಕೌಶಲ್ಯ ಅಳೆಯಲು ಮಾಸ್ಟರ್‌ಪಾಯಿಂಟ್‌ಗಿಂತ ಎಷ್ಟೋ ಮೇಲು. ಆದರೂ ಜೋಡಿಯ ಫಲವನ್ನು ಇಬ್ಬರಿಗೆ ಹಂಚುವ ಯಾವ ಲೆಕ್ಕಕ್ಕೂ ಒಂದು ಕುರುಡು ಮೂಲೆ ಇದ್ದೇ ಇರುತ್ತದೆ. ನಿಮ್ಮ ಶೇಕಡಾವಾರು ಅಂಕಿ 54, ಪಾರ್ಟ್ನರದ್ದು 48 ಎನ್ನಿ. ಸಾಧಾರಣ ಬಳಗದಲ್ಲಿ ಜೋಡಿಯಿಂದ ನಿರೀಕ್ಷೆ 51. ಬಂದದ್ದು 55 ಆದರೆ ಹೆಚ್ಚುವರಿ 4 ಇಬ್ಬರಿಗೂ ಸಮನಾಗಿ ಸೇರಿ, ಆ ಸೆಷನ್‌ಗೆ ನಿಮಗೆ 58, ಅವರಿಗೆ 52. ನಡುವಿನ ಅಂತರ 6 ಹಾಗೇ ಉಳಿಯಿತು. ಅವತ್ತು ಡಿಫೆನ್ಸಿನಲ್ಲಿ ನಿಮ್ಮನ್ನು ಕಾಪಾಡಿದ್ದು ಅವರೇ ಆಗಿದ್ದರೂ! ಸದಾ ಜೊತೆಗೇ ಆಡುವ ಇಬ್ಬರಲ್ಲಿ ಯಾರು ಮೇಲು ಎಂದು ಗಣಿತ ಹೇಳಲಾರದು. ಇಬ್ಬರೂ ಬೇರೆಯವರೊಂದಿಗೂ ಕೂತು ಆಡಬೇಕು. ಹೊರಗೆ ಕಾಲಿಡದ ಕ್ಲಬ್ಬಿನದೂ ಇದೇ ಪಾಡು, ಅಲ್ಲಿನ ಸರಾಸರಿಯನ್ನು ಹೊರಗಿನದರ ಜೊತೆ ತೂಗಿ ನೋಡಲು ಕೊಂಡಿಯೇ ಇರುವುದಿಲ್ಲ.

ವರ್ಲ್ಡ್ ಬ್ರಿಜ್ ಫೆಡರೇಷನ್ ಮಧ್ಯದ ದಾರಿ ಹಿಡಿದಿದೆ: ಅದರ ಮಾಸ್ಟರ್‌ಪಾಯಿಂಟ್ ವರ್ಷಕ್ಕೆ 15 ಶೇಕಡಾ ಕರಗುತ್ತದೆ, ದೊಡ್ಡ ಸ್ಪರ್ಧೆಗಳಲ್ಲಿ ಮೇಲಿನ ಸ್ಥಾನಕ್ಕೆ ಸಿಗುವ ಪ್ಲೇಸಿಂಗ್ ಪಾಯಿಂಟ್ ಕರಗುವುದಿಲ್ಲ.

ನಿಜವಾದ ಕಿರಿಕಿರಿ ಶುರುವಾಗುವುದು ಮೊತ್ತ ನೋಡಿ ಗುಂಪು ಮಾಡುವಾಗ. ಬ್ರ್ಯಾಕೆಟ್ ಕಟ್ಟುವ ಟೀಮ್ ಆಟದಲ್ಲಿ 3,000 ಕೂಡಿಸಿಟ್ಟ ಹಿರಿಯರು ಮೇಲಿನ ಬ್ರ್ಯಾಕೆಟ್‌ನಲ್ಲಿ ಏಟು ತಿನ್ನುತ್ತಾರೆ. ಆನ್‌ಲೈನಿನಲ್ಲಿ ಪಳಗಿ ನಿನ್ನೆ ಸದಸ್ಯತ್ವ ಪಡೆದ ಹುಡುಗ ಕೆಳಗಿನದನ್ನು ಗುಡಿಸಿ ಹಾಕುತ್ತಾನೆ. ಹೊಸ ಪಾರ್ಟ್ನರ್ ಹುಡುಕುವವರು ಮೊತ್ತ ಕೇಳುವ ಬದಲು ಮೂರು ಪ್ರಶ್ನೆ ಹಾಕಲಿ: ಎಷ್ಟು ವರ್ಷದಲ್ಲಿ ಬಂದದ್ದು, ಚಿನ್ನ ಮತ್ತು ಪ್ಲಾಟಿನಂ ಎಷ್ಟು, ಯಾರ ಜೊತೆ ಆಡಿ ಬಂದದ್ದು. ಮೂರನೆಯದಕ್ಕೆ ಒಂದೇ ಹೆಸರು ಬಂದರೆ, ಒಪ್ಪಿಕೊಳ್ಳುವ ಮೊದಲು ಜೊತೆಗೆ ಕೂತು 24 ಬೋರ್ಡ್ ಆಡಿ, ಶೇಕಡಾವಾರು ಬಿಟ್ಟು ಅವರ ಓಪನಿಂಗ್ ಲೀಡ್‌ಗಳನ್ನು (ಆಟ ಶುರುಮಾಡಲು ಇಳಿಸುವ ಮೊದಲ ಎಲೆಗಳನ್ನು) ಒಂದೊಂದಾಗಿ ನೋಡಿ.