ಬೀಟಿಂಗ್ ಟ್ರೇ: ಸೈಪ್ರೆಸ್ ಬೇಲಿಯ ಗುಲಗಂಜಿ ಹುಳ ನೋಡಬೇಕೆಂದರೆ ಇದು ಬೇಕು

ಇಂಗ್ಲೆಂಡಿನ ರೆಡಿಂಗಿನಲ್ಲಿ ನಮ್ಮ ಬೀದಿಯಲ್ಲಿ ಎಲ್ಲಿ ನೋಡಿದರೂ ಲೇಲ್ಯಾಂಡ್ ಸೈಪ್ರೆಸ್ ಬೇಲಿ. ಅಮೆರಿಕದ ಎರಡು ಜಾತಿಯ ಸೈಪ್ರೆಸ್‌ಗಳು 1888ರಲ್ಲಿ ವೇಲ್ಸ್‌ನ ಲೇಟನ್ ಹಾಲ್ ಎಸ್ಟೇಟಿನಲ್ಲಿ ಬೆರೆತು ಹುಟ್ಟಿದ ಮರ ಇದು. ಇದರಲ್ಲಿ ಒಂದು ಹುಳವೂ ಇರಲ್ಲ ಅನ್ನುವವರೇ ಜಾಸ್ತಿ. ಅಂಥವರು ಈ ಟ್ರೇ ಹಿಡಿದು ಒಮ್ಮೆ ಕೊಂಬೆ ತಟ್ಟಬೇಕು.

ಮಡಚಬಹುದಾದ ಕಡ್ಡಿಗಳಿಗೆ ಬಿಗಿದ ಬಿಳಿ ಬಟ್ಟೆ, ಕೆಳಗೊಂದು ಹಿಡಿ, ಅಷ್ಟೇ. ಕೊಂಬೆಯಡಿ ಹಿಡಿದು ಕೋಲಿನಿಂದ ತಟ್ಟಿದರೆ ಒಣಗಿದ ಚಿಗುರು, ಧೂಳು, ಜೇಡ ಎಲ್ಲ ಉದುರುತ್ತವೆ. ಅವಸರ ಮಾಡಬೇಡಿ. ಸ್ವಲ್ಪ ಹೊತ್ತಿಗೆ ಕಸ ಅಂದುಕೊಂಡಿದ್ದ ಕಂದು ಚೂರೊಂದು ಕಾಲು ಹೊರಗೆ ಹಾಕಿ ನಡೆಯತೊಡಗುತ್ತದೆ. ಉದ್ದ 3 ಮಿಲಿಮೀಟರ್ ಆಸುಪಾಸು, ಮೈಮೇಲೆಲ್ಲ ನವಿರು ಕೂದಲು, ರೆಕ್ಕೆಗವಚದ ಮೇಲೆ ಲಾಳದಾಕಾರದ ಕಪ್ಪು ಗುರುತು. ಕೆಂಪೂ ಇಲ್ಲ, ಚುಕ್ಕೆಯೂ ಇಲ್ಲ, ಆದರೂ ಗುಲಗಂಜಿ ಹುಳವೇ: ರೈಜೋಬಿಯಸ್ ಕ್ರೈಸೊಮೆಲಾಯ್ಡಿಸ್. ಬ್ರಿಟನ್ನಿನಲ್ಲಿ ಇದು ಮೊದಲು ಸಿಕ್ಕಿದ್ದು 1996ರಲ್ಲಿ, ಸರ್ರೆಯಲ್ಲಿ. ಹುಲ್ಲು, ಗಿಡಗಂಟಿಗಳಲ್ಲಿ ಸಿಗುವ ಇದರ ದಾಯಾದಿ ಲಿಟುರಾದಿಂದ ಬೇರ್ಪಡಿಸಬೇಕಾದರೆ ಹುಳವನ್ನು ಮಗುಚಿ ಎದೆಯಡಿಯ ಏಣುಗಳನ್ನು ನೋಡಬೇಕು. ಅದಕ್ಕೆ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಜೊತೆಗಿರಲಿ.

ಪೈನ್ ಲೇಡಿಬರ್ಡ್ ಅನ್ನುವ ಇನ್ನೊಂದು ಗುಲಗಂಜಿ ಹುಳ ಸಿಕ್ಕರಂತೂ ನನಗೆ ಹಬ್ಬ. ಮಿರಿಮಿರಿ ಕಪ್ಪು ಮೈ, ಮುಂದಿನೆರಡು ಕೆಂಪು ಮಚ್ಚೆ ಅಲ್ಪವಿರಾಮದ ಹಾಗೆ ಬಾಗಿರುತ್ತವೆ. ಗಿಡದ ರಸ ಹೀರುವ ಶಲ್ಕ ಕೀಟಗಳನ್ನು (ಸ್ಕೇಲ್ ಇನ್ಸೆಕ್ಟ್) ತಿಂದು ಬದುಕುವ ಹುಳ.

ಚಳಿಗಾಲದಲ್ಲಿ ಟ್ರೇ ಇನ್ನೂ ಉಪಯೋಗಕ್ಕೆ ಬರುತ್ತದೆ. ಉಳಿದ ಮರ ಬೋಳಾಗಿರುವಾಗ ಹುಳಗಳು ಈ ಹಸಿರಿನಲ್ಲೇ ಅಡಗಿರುತ್ತವೆ, ಚಳಿ ಇರುವುದರಿಂದ ಟ್ರೇಗೆ ಬಿದ್ದ ತಕ್ಷಣ ಹಾರಿಹೋಗುವುದೂ ಇಲ್ಲ.

ಕೊರತೆ ಇಲ್ಲದಿಲ್ಲ. ಕಡ್ಡಿ ಸಿಕ್ಕಿಸುವ ಮೂಲೆಯ ಹೊಲಿಗೆ ಬೇಗ ಬಿಚ್ಚಿಕೊಂಡಿತು, ಮನೆಯಲ್ಲೇ ದಪ್ಪ ದಾರ ಹಾಕಿ ಹೊಲಿದೆ. ಗಾಳಿ ಜೋರಾಗಿದ್ದರೆ ಬಟ್ಟೆ ಉಬ್ಬಿ ಸಿಕ್ಕಿದ್ದೆಲ್ಲ ಹಾರಿಹೋಗುತ್ತದೆ. ಬಿಳಿ ಕೊಡೆ ತಲೆಕೆಳಗು ಹಿಡಿದರೂ ಕೆಲಸ ನಡೆಯುತ್ತದೆ, ಆದರೆ ಅದರ ಕಡ್ಡಿಗಳ ಸಂದಿಗೆ ಹುಳ ನುಸುಳಿದರೆ ಮತ್ತೆ ಹುಡುಕುವುದು ಕಷ್ಟ. ಹಾಗಾಗಿ 40 ಪೌಂಡ್ ಹತ್ತಿರ ಕೊಟ್ಟಿದ್ದಕ್ಕೆ ನನಗೆ ಬೇಸರವಿಲ್ಲ.

ಪಕ್ಕದ ಮನೆಯ ಬೇಲಿಯಾದರೆ ಮೊದಲು ಕೇಳಿ ತಟ್ಟಿ. ಫೋಟೋ ತೆಗೆದು ಜಾಗ, ತಾರೀಖಿನ ಜೊತೆ ಮರದ ಹೆಸರನ್ನೂ ಬರೆದು, ಕಂಡ ಜೀವಿಗಳನ್ನು ದಾಖಲಿಸುವ ಜಾಲತಾಣ ಐರೆಕಾರ್ಡ್‌ಗೆ ಹಾಕಿ. ಅಲ್ಲಿ ತಜ್ಞರು ಪರಿಶೀಲಿಸುತ್ತಾರೆ.